ಪ್ಲಾಸ್ಟಿಕ್ ರೋಬೋ ಕಿಟ್ ಕಟ್ಟಿ ಬಣ್ಣ ಬಳಿಯುವುದು: ಮೊದಲ ಕತ್ತರಿಯಿಂದ ಕೊನೆಯ ಮ್ಯಾಟ್ ಕೋಟ್‌ವರೆಗೆ

ರೋಬೋ ಮಾಡೆಲ್ ಕಟ್ಟುವ ಆಸೆ ಹುಟ್ಟಿದವರು ಮೊದಲು ಕೇಳುವುದು ಏರ್‌ಬ್ರಷ್ ಬಗ್ಗೆ. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಈ ಸಾಧನದಲ್ಲಿ ಯಾವುದು ಕೊಳ್ಳಬೇಕು, ಅದಕ್ಕೆ ಗಾಳಿ ಒದಗಿಸಲು ಎಷ್ಟು ದೊಡ್ಡ ಕಂಪ್ರೆಸರ್ ಬೇಕು, ಯಾವ ಬಣ್ಣ ಒಳ್ಳೆಯದು? ಉತ್ತರ ಇದೆ, ಮುಂದೆ ಬರುತ್ತದೆ. ಆದರೆ ಮಾಡೆಲ್ ಚಂದ ಕಾಣುತ್ತದೋ ಇಲ್ಲವೋ ಅನ್ನುವುದು ಅದಕ್ಕಿಂತ ಎಷ್ಟೋ ಮೊದಲೇ ತೀರ್ಮಾನವಾಗಿರುತ್ತದೆ. ಭಾಗವನ್ನು ಹೇಗೆ ಕತ್ತರಿಸಿದಿರಿ, ಕತ್ತರಿಸಿದ ಜಾಗವನ್ನು ಹೇಗೆ ಉಜ್ಜಿದಿರಿ, ಎಲ್ಲ ಅಲ್ಲೇ ಇದೆ. ಬಣ್ಣ ಬಳಿದರೆ ಗೀರು, ಉಬ್ಬು ಎಲ್ಲ ಮುಚ್ಚಿಹೋಗುತ್ತದೆ ಅನ್ನಿಸುತ್ತದೆ ಅಲ್ವಾ? ಆಗುವುದು ಉಲ್ಟಾ. ಬರೀ ಪ್ಲಾಸ್ಟಿಕ್ಕಿನಲ್ಲಿ ಕಣ್ಣಿಗೆ ಬೀಳದ ಸಣ್ಣ ಉಬ್ಬು ಕೂಡ ಒಂದೇ ಬಣ್ಣದ ನುಣುಪಾದ ಪದರ ಕೂತ ಮೇಲೆ ಎದ್ದು ಕಾಣುತ್ತದೆ. ಹಾಗಾಗಿ ಈ ಬರಹದ ದೊಡ್ಡ ಪಾಲು ಬಣ್ಣದ ಡಬ್ಬಿ ತೆರೆಯುವುದಕ್ಕೆ ಮೊದಲಿನ ಕೆಲಸದ್ದು.

ಯಾವ ಕಿಟ್ ಆರಿಸಬೇಕು

ಈ ಹವ್ಯಾಸದ ಬೇರು ಜಪಾನಿನಲ್ಲಿದೆ. 1979ರಲ್ಲಿ ಅಲ್ಲಿನ ಟೀವಿಯಲ್ಲಿ ಗುಂಡಮ್ ಎಂಬ ಅನಿಮೇಷನ್ ಸರಣಿ ಶುರುವಾಯಿತು. ಮರುವರ್ಷ, 1980ರ ಜುಲೈನಲ್ಲಿ, ಬಾಂಡೈ ಕಂಪನಿ ಅದರ ನಾಯಕ ರೋಬೋ ಆರ್‌ಎಕ್ಸ್-78-2ರ ಮೊದಲ ಪ್ಲಾಸ್ಟಿಕ್ ಕಿಟ್ ಹೊರತಂದಿತು. ಬೆಲೆ 300 ಯೆನ್. ಆಗಿನ ಕಿಟ್‌ಗಳಿಗೆ ಅಂಟು ಬೇಕಿತ್ತು, ಬಣ್ಣ ಬಳಿಯದಿದ್ದರೆ ರೋಬೋ ಬೆತ್ತಲಾಗಿ ಕಾಣುತ್ತಿತ್ತು. ಇವತ್ತಿನವು ಹಾಗಲ್ಲ. ಭಾಗಗಳು ಬೇರೆ ಬೇರೆ ಬಣ್ಣದಲ್ಲೇ ಅಚ್ಚಾಗಿ ಬರುತ್ತವೆ, ಒತ್ತಿದರೆ ಕೂಡಿಕೊಳ್ಳುತ್ತವೆ. ಅಂಟಿಲ್ಲದೆ, ಬಣ್ಣವಿಲ್ಲದೆ ನೆಟ್ಟಗೆ ನಿಲ್ಲುವ ರೋಬೋ ಕೈಗೆ ಸಿಗುತ್ತದೆ.

ಪೆಟ್ಟಿಗೆಯ ಮೇಲಿನ ಅಕ್ಷರ ನೋಡಿ ಆರಿಸಿ. ಎಚ್‌ಜಿ ಅಂದರೆ ಹೈ ಗ್ರೇಡ್, ಹೆಚ್ಚಾಗಿ 1/144 ಅಳತೆ. ಎಂಜಿ ಅಂದರೆ ಮಾಸ್ಟರ್ ಗ್ರೇಡ್, 1/100. ಪಿಜಿ ಅಂದರೆ ಪರ್ಫೆಕ್ಟ್ ಗ್ರೇಡ್, 1/60. ಕಥೆಯಲ್ಲಿ ಆರ್‌ಎಕ್ಸ್-78-2ರ ಎತ್ತರ 18 ಮೀಟರ್. ಹಾಗಾಗಿ ಎಚ್‌ಜಿಯಲ್ಲಿ ಅದು ಸುಮಾರು 12.5 ಸೆಂಟಿಮೀಟರ್, ಎಂಜಿಯಲ್ಲಿ 18, ಪಿಜಿಯಲ್ಲಿ 30 ಸೆಂಟಿಮೀಟರ್ ಆಗುತ್ತದೆ. 2010ರಲ್ಲಿ ಬಂದ ಆರ್‌ಜಿ, ಅಂದರೆ ರಿಯಲ್ ಗ್ರೇಡ್, ಎಚ್‌ಜಿಯಷ್ಟೇ ಚಿಕ್ಕದು. ಆದರೆ ಒಳಗಿನ ಅಸ್ಥಿಪಂಜರ, ಚುಕ್ಕಿಯಷ್ಟು ಸಣ್ಣ ಭಾಗಗಳು, ಹತ್ತಾರು ಸ್ಟಿಕರ್‌ಗಳು ಎಲ್ಲ ಅದರಲ್ಲಿವೆ.

ಮೊದಲ ಕಿಟ್ ಎಚ್‌ಜಿ ಆಗಿರಲಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಇತ್ತೀಚಿನ ಎಚ್‌ಜಿ ಒಂದೆರಡು ಸಂಜೆಯಲ್ಲಿ ಮುಗಿಯುತ್ತದೆ. ಮುಗಿದ ಖುಷಿ ಸಿಕ್ಕಿದರೆ ಎರಡನೆಯದಕ್ಕೆ ಕೈ ತಾನಾಗೇ ಹೋಗುತ್ತದೆ. ಆರ್‌ಜಿ ಚಿಕ್ಕದಾಗಿದೆ ಎಂದು ಸುಲಭ ಅಂದುಕೊಳ್ಳಬೇಡಿ. ಅದು ಮೂರನೆಯದೋ ನಾಲ್ಕನೆಯದೋ ಆಗಲಿ. ಕೈಯಲ್ಲಿ ಒಂದೂ ಸಾಧನ ಇಲ್ಲದವರಿಗೆ ಎಂಟ್ರಿ ಗ್ರೇಡ್ ಇದೆ. ಅದರ ಭಾಗಗಳನ್ನು ಬೆರಳಲ್ಲೇ ಮುರಿದು ತೆಗೆಯಬಹುದು.

ಮೇಜಿನ ಮೇಲೆ ಏನಿರಬೇಕು

ದುಡ್ಡು ಹಾಕುವುದಾದರೆ ಭಾಗಗಳನ್ನು ಕತ್ತರಿಸುವ ಇಕ್ಕಳದಂಥ ಸಾಧನವಾದ ನಿಪ್ಪರ್‌ಗೆ ಹಾಕಿ. ಪ್ಲಾಸ್ಟಿಕ್ ಮಾಡೆಲ್‌ಗೆಂದೇ ಮಾಡಿದ, ಒಂದು ಬದಿ ಚಪ್ಪಟೆಯಾಗಿರುವ ನಿಪ್ಪರ್ ಬೇಕು. ವೈರ್ ಕತ್ತರಿಸುವ ಕಟ್ಟರ್ ಪ್ಲಾಸ್ಟಿಕ್ಕನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಒಂದೇ ಅಲಗಿನ ದುಬಾರಿ ನಿಪ್ಪರ್‌ಗಳೂ ಇವೆ. ಅವು ಕತ್ತರಿಸಿದ ಜಾಗ ಗಾಜಿನಂತೆ ನುಣುಪಾಗಿರುತ್ತದೆ, ಆದರೆ ಅಲಗು ತೆಳು. ದಪ್ಪ ಪ್ಲಾಸ್ಟಿಕ್ ಕತ್ತರಿಸಿದರೆ ಚಕ್ಕೆ ಎದ್ದುಹೋಗುತ್ತದೆ. ಅಂಥದ್ದು ಕೊಂಡರೂ ಒರಟು ಕೆಲಸಕ್ಕೆ ಸಾಧಾರಣ ನಿಪ್ಪರ್ ಒಂದು ಪಕ್ಕದಲ್ಲಿರಲಿ.

ಉಳಿದದ್ದು ಸರಳ. ಬ್ಲೇಡ್ ಬದಲಿಸಬಹುದಾದ ಸಣ್ಣ ಹಾಬಿ ಚಾಕು, ಕೆಳಗೆ ಹಾಸಲು ಕಟಿಂಗ್ ಮ್ಯಾಟ್, ಚೂಪು ಮೂತಿಯ ಚಿಮುಟ. ಉಪ್ಪುಕಾಗದ 400, 600, 800, 1000 ನಂಬರಿನವು. ನಂಬರ್ ಜಾಸ್ತಿಯಾದಷ್ಟೂ ನಯ. ಕಾಗದವನ್ನು ಬರಿಗೈಯಲ್ಲಿ ಹಿಡಿದು ಉಜ್ಜಿದರೆ ಬೆರಳಿನ ಒತ್ತಡಕ್ಕೆ ಚೂಪಾದ ಅಂಚುಗಳು ಸವೆದು ದುಂಡಗಾಗುತ್ತವೆ. ಅದಕ್ಕೆ ಚಪ್ಪಟೆ ಕಡ್ಡಿಯೊಂದಕ್ಕೆ ಎರಡು ಬದಿಯ ಟೇಪಿನಿಂದ ಅಂಟಿಸಿಕೊಳ್ಳಿ. ಇನ್ನೊಂದು ಮುಖ್ಯ ಸಾಮಾನು ಟೇಬಲ್ ಲ್ಯಾಂಪ್. ಪಕ್ಕದಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಮೇಲ್ಮೈಯ ಪ್ರತಿ ತಪ್ಪೂ ನೆರಳು ಬೀರುತ್ತದೆ. ತಲೆಯ ಮೇಲಿನ ದೀಪ ಅದನ್ನು ತೋರಿಸುವುದಿಲ್ಲ.

ಕತ್ತರಿಸುವ ಮುಂಚೆ

ಕಿಟ್‌ನ ಭಾಗಗಳು ಒಂದು ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಆ ಚೌಕಟ್ಟಿಗೆ ರನ್ನರ್ ಎನ್ನುತ್ತಾರೆ. ಭಾಗಕ್ಕೂ ರನ್ನರ್‌ಗೂ ನಡುವಿನ ಸಣ್ಣ ಕೊಂಡಿಯೇ ಗೇಟ್. ಪ್ರತಿ ರನ್ನರ್‌ಗೂ ಒಂದು ಅಕ್ಷರ, ಪ್ರತಿ ಭಾಗಕ್ಕೂ ಒಂದು ಸಂಖ್ಯೆ. ಕೈಪಿಡಿಯಲ್ಲಿ ‘ಎ-12’ ಎಂದಿದ್ದರೆ ಎ ರನ್ನರ್‌ನ 12ನೇ ಭಾಗ. ಬರಹ ಜಪಾನಿ ಭಾಷೆಯಲ್ಲಿದ್ದರೂ ಹೆದರಬೇಕಿಲ್ಲ, ಚಿತ್ರಗಳೇ ಸಾಕು. ಒಮ್ಮೆ ಮೊದಲಿನಿಂದ ಕೊನೆಯವರೆಗೆ ಪುಟ ತಿರುವಿ ಹಾಕಿ. ಯಾವ ತುಂಡು ಯಾವ ದಿಕ್ಕಿಗೆ ಕೂರಬೇಕು, ಎಲ್ಲಿ ಎಡ–ಬಲ ಅದಲು ಬದಲಾಗುವ ಅಪಾಯ ಇದೆ ಅನ್ನುವುದು ಆಗಲೇ ತಿಳಿಯುತ್ತದೆ.

ಬಣ್ಣ ಬಳಿಯುವ ಯೋಚನೆ ಇದ್ದರೆ ರನ್ನರ್‌ಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನಿಂದ ಬಂದ ಎಣ್ಣೆಯ ಅಂಶ, ಕೈಜಿಡ್ಡು ಹೋಗುತ್ತದೆ. ಬಣ್ಣ ಬಳಿಯದಿದ್ದರೆ ಈ ಹಂತ ಬಿಡಬಹುದು.

ಎಲ್ಲ ಭಾಗಗಳನ್ನೂ ಒಟ್ಟಿಗೆ ಕತ್ತರಿಸಿ ರಾಶಿ ಹಾಕಬೇಡಿ. ಕತ್ತರಿಸಿದ ಭಾಗದ ಮೇಲೆ ಸಂಖ್ಯೆ ಇರುವುದಿಲ್ಲ, ಆಮೇಲೆ ಹುಡುಕುವುದೇ ಕೆಲಸವಾಗುತ್ತದೆ. ಆ ಹೊತ್ತಿನ ಹಂತಕ್ಕೆ ಬೇಕಾದಷ್ಟನ್ನೇ ತೆಗೆಯಿರಿ.

ಎರಡು ಸಲ ಕತ್ತರಿಸಿ

ಇಲ್ಲಿ ನಿಧಾನ ಮಾಡಿ. ಇಡೀ ಹವ್ಯಾಸದಲ್ಲಿ ಇದಕ್ಕಿಂತ ಲಾಭದ ಅಭ್ಯಾಸ ಇನ್ನೊಂದಿಲ್ಲ.

ಹೊಸಬರು ನಿಪ್ಪರನ್ನು ಭಾಗಕ್ಕೆ ತಾಗಿಸಿ ಒಂದೇ ಸಲ ಕಚ್ ಅನ್ನಿಸುತ್ತಾರೆ. ಆಗ ಅಲಗಿನ ಎರಡೂ ಕಡೆ ಗಟ್ಟಿ ಪ್ಲಾಸ್ಟಿಕ್ ಇರುತ್ತದೆ. ಒಂದು ಕಡೆ ರನ್ನರ್, ಇನ್ನೊಂದು ಕಡೆ ನಿಮ್ಮ ಭಾಗ. ಅಲಗು ನುಗ್ಗಿದಾಗ ಪ್ಲಾಸ್ಟಿಕ್ ಎತ್ತಲೂ ಸರಿಯಲಾರದೆ ಹರಿಯುತ್ತದೆ. ಭಾಗದ ಮೇಲೆ ಬಿಳಿ ಕಲೆ ಮೂಡುತ್ತದೆ, ಕೆಲವೊಮ್ಮೆ ಗುಳಿಯೇ ಬೀಳುತ್ತದೆ. ನೀಲಿ, ಕೆಂಪು, ಕಪ್ಪು ಭಾಗಗಳಲ್ಲಿ ಈ ಬಿಳಿ ಕಲೆ ದೂರದಿಂದಲೇ ಕಾಣುತ್ತದೆ.

ಸರಿಯಾದ ಕ್ರಮ ಹೀಗೆ. ಮೊದಲು ಭಾಗದಿಂದ ದೂರದಲ್ಲಿ, ಗೇಟ್ ರನ್ನರ್‌ಗೆ ಸೇರುವ ಜಾಗದಲ್ಲಿ ಕತ್ತರಿಸಿ. ಎಲ್ಲ ಗೇಟ್‌ಗಳನ್ನೂ ಹೀಗೆ ಕತ್ತರಿಸಿದರೆ ಭಾಗ ಕೈಗೆ ಬರುತ್ತದೆ, ಅದರ ಮೈಮೇಲೆ ಎರಡು ಮೂರು ಮಿಲಿಮೀಟರ್ ಉದ್ದದ ಮೊಳೆಗಳು ಉಳಿದಿರುತ್ತವೆ. ಈಗ ನಿಪ್ಪರಿನ ಚಪ್ಪಟೆ ಬದಿ ಭಾಗದ ಕಡೆಗಿರುವಂತೆ ಹಿಡಿದು ಮೊಳೆಯನ್ನು ಎರಡನೇ ಸಲ ಕತ್ತರಿಸಿ. ಪೂರ್ತಿ ಮಟ್ಟಸ ಮಾಡಬೇಡಿ, ಅರ್ಧ ಮಿಲಿಮೀಟರಿನಷ್ಟು ಉಳಿಸಿ. ಈ ಸಲ ಮೊಳೆಯ ಇನ್ನೊಂದು ತುದಿ ಸ್ವತಂತ್ರವಾಗಿದೆ, ಅಲಗು ನುಗ್ಗಿದಂತೆ ಅದು ಪಕ್ಕಕ್ಕೆ ಸರಿದು ಬೀಳುತ್ತದೆ. ಭಾಗಕ್ಕೆ ಒತ್ತಡವೇ ಇಲ್ಲ.

ಉಳಿದ ಅರ್ಧ ಮಿಲಿಮೀಟರನ್ನು ಚಾಕುವಿನಿಂದ ಪದರ ಪದರವಾಗಿ ಸವರಿ ತೆಗೆಯಿರಿ. ಅಲಗು ಭಾಗಕ್ಕೆ ಹೆಚ್ಚುಕಡಿಮೆ ಮಲಗಿದಂತಿರಲಿ. ಒಂದೇ ಏಟಿಗೆ ತೆಗೆಯಲು ಹೋದರೆ ಅಲಗು ಒಳಕ್ಕೆ ಕಚ್ಚಿಕೊಳ್ಳುತ್ತದೆ. ಚಾಕು ಯಾವಾಗಲೂ ಹೆಬ್ಬೆರಳಿನಿಂದ ದೂರಕ್ಕೆ ಸಾಗಬೇಕು. ಬ್ಲೇಡ್ ಮೊಂಡಾಗಿದ್ದರೆ ಕೂಡಲೇ ಬದಲಿಸಿ. ಮೊಂಡು ಬ್ಲೇಡಿಗೆ ಜಾಸ್ತಿ ಬಲ ಹಾಕುತ್ತೇವೆ, ಕೈ ಕುಯ್ದುಕೊಳ್ಳುವುದೂ ಆಗಲೇ.

ಪಾರದರ್ಶಕ ಭಾಗಗಳಿಗೆ ಇನ್ನೂ ಜಾಗ್ರತೆ ಬೇಕು. ಅವು ಪೆಡಸು, ಬಿರುಕು ಬಿಟ್ಟರೆ ಸರಿಮಾಡುವ ದಾರಿಯಿಲ್ಲ. ಉದ್ದ ಮೊಳೆ ಬಿಟ್ಟು ಕತ್ತರಿಸಿ, ಉಳಿದದ್ದನ್ನೆಲ್ಲ ಉಜ್ಜಿಯೇ ತೆಗೆಯಿರಿ. ಹಣೆಯ ಮೇಲಿನ ತೆಳು ಆಂಟೆನಾಗಳ ವಿಷಯದಲ್ಲೂ ಇದೇ ಮಾತು. ಅದಕ್ಕೆ ಅಂಟಿದ ಗೇಟ್‌ಗಳಲ್ಲಿ ತೆಳುವಾದ ತುದಿಯದ್ದನ್ನು ಮೊದಲು ಬಿಡಿಸಿ. ದಪ್ಪನೆಯದು ಕೊನೆಗಿರಲಿ, ಇಲ್ಲದಿದ್ದರೆ ಭಾರವೆಲ್ಲ ಆ ತುದಿಯ ಮೇಲೇ ಬಿದ್ದು ಮುರಿಯುತ್ತದೆ.

ಉಜ್ಜುವುದು

ಚಾಕುವಿನ ಕೆಲಸ ಮುಗಿದ ಮೇಲೆ 600ರಿಂದ ಶುರು ಮಾಡಿ. ಉಬ್ಬು ಜಾಸ್ತಿ ಇದ್ದರೆ ಮಾತ್ರ 400. ಆಮೇಲೆ 800, ಆಮೇಲೆ 1000. ಪ್ರತಿ ಹಂತದ ಕೆಲಸ ಹಿಂದಿನ ಕಾಗದ ಬಿಟ್ಟ ಗೀರನ್ನು ಅಳಿಸುವುದು, ಅಷ್ಟೆ. ಹಾಗಾಗಿ 400 ಆದ ಮೇಲೆ ಸೀದಾ 1000ಕ್ಕೆ ಹಾರಿದರೆ ಆಳದ ಗೀರುಗಳು ಹಾಗೇ ಉಳಿಯುತ್ತವೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಪ್ರತಿ ಹಂತದಲ್ಲಿ ದಿಕ್ಕು ಬದಲಿಸಿ. ಮೊದಲು ಅಡ್ಡ ಉಜ್ಜಿದ್ದರೆ ಈಗ ಉದ್ದ. ಹಳೆಯ ಗೀರು ಉಳಿದಿದ್ದರೆ ಅಡ್ಡಡ್ಡ ಕಂಡುಬಿಡುತ್ತದೆ.

ಕಾಗದಕ್ಕೆ ತುಸು ನೀರು ಸವರಿಕೊಂಡು ಉಜ್ಜಿದರೆ ಧೂಳು ಹಾರುವುದಿಲ್ಲ, ಕಾಗದವೂ ಬೇಗ ಕಟ್ಟಿಕೊಳ್ಳುವುದಿಲ್ಲ. ಒಣಗೈಯಲ್ಲಿ ಉಜ್ಜುವುದಾದರೆ ಧೂಳಿನ ಮಾಸ್ಕ್ ಹಾಕಿಕೊಳ್ಳಿ. ಪ್ಲಾಸ್ಟಿಕ್ ಪುಡಿ ಉಸಿರಿಗೆ ಒಳ್ಳೆಯದಲ್ಲ.

ಎಲ್ಲಿಗೆ ನಿಲ್ಲಿಸಬೇಕು? ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲಿನ ತಳಪದರ, ಹೊಡೆಯುವ ಭಾಗಕ್ಕೆ 800 ಸಾಕು, ಅದಕ್ಕಿಂತ ಸಣ್ಣ ಗೀರನ್ನು ಪ್ರೈಮರ್ ತುಂಬಿಕೊಳ್ಳುತ್ತದೆ. ಬಣ್ಣ ಬಳಿಯದ ಭಾಗಕ್ಕೆ 1000ವರೆಗೆ ಹೋಗಿ. ಉಜ್ಜಿದ ಜಾಗ ಮಂಕಾಗಿ ಕಂಡರೆ ಚಿಂತೆ ಬೇಡ, ಕೊನೆಯ ಮ್ಯಾಟ್ ಕೋಟ್ (ಹೊಳಪಿಲ್ಲದ ಪಾರದರ್ಶಕ ಪದರ) ಇಡೀ ಭಾಗವನ್ನು ಒಂದೇ ಹದಕ್ಕೆ ತರುತ್ತದೆ. ಒಳಗೆ ಅಡಗಿಹೋಗುವ ಗೇಟ್ ಗುರುತುಗಳನ್ನು ಸುಮ್ನೆ ನಯ ಮಾಡುತ್ತ ಕೂರಬೇಡಿ. ಜೋಡಣೆಗೆ ಅಡ್ಡ ಬರದಿದ್ದರೆ ಆಯಿತು.

ಉಗುರಿನಿಂದ ಪರೀಕ್ಷೆ ಮಾಡಿ. ಉಜ್ಜಿದ ಜಾಗದ ಮೇಲೆ ಉಗುರನ್ನು ಮೆಲ್ಲಗೆ ಎಳೆಯಿರಿ. ಕಣ್ಣಿಗೆ ಮಟ್ಟಸ ಕಂಡರೂ ಉಗುರು ಒಂದು ಕಡೆ ತಟ್ಟನೆ ತಡೆದರೆ ಅಲ್ಲಿ ಇನ್ನೂ ಉಬ್ಬಿದೆ.

ಜೋಡಿಸುವುದು

ಒತ್ತಿದರೆ ಕೂರುವ ಭಾಗ ಕೂರದಿದ್ದರೆ ಮೊದಲು ದಿಕ್ಕು ನೋಡಿ, ಆಮೇಲೆ ಒಳಗೆ ಗೇಟಿನ ತುಣುಕು ಉಳಿದಿದೆಯಾ ನೋಡಿ. ಬಲ ಹಾಕುವುದು ಕೊನೆಯ ಮಾತು. ಕೀಲುಗಳಲ್ಲಿ ಬರುವ ಮೆತ್ತನೆಯ ಬೂದು ತುಂಡುಗಳಿಗೆ ಪಾಲಿಕ್ಯಾಪ್ ಎನ್ನುತ್ತಾರೆ. ಅವು ಪಾಲಿಎಥಿಲೀನ್‌ನವು, ಕೀಲಿಗೆ ಹಿಡಿತ ಕೊಡುತ್ತವೆ. ಅವಕ್ಕೆ ಬಣ್ಣ ಹಿಡಿಯುವುದಿಲ್ಲ, ಅಂಟೂ ಹಿಡಿಯುವುದಿಲ್ಲ. ಹೊರಗೆ ಕಾಣದ ತುಂಡುಗಳು, ಹಾಗೇ ಬಿಡಿ.

ಬಣ್ಣ ಬಳಿಯುವವರು ಮೊದಲು ಇಡೀ ರೋಬೋವನ್ನು ಒಮ್ಮೆ ಜೋಡಿಸಿ ನೋಡಬೇಕು. ಬಿಟ್ಟುಹೋದ ಗುರುತು, ಅಳಿಸಬೇಕಾದ ಗೆರೆ ಆಗಲೇ ಗೊತ್ತಾಗುತ್ತದೆ. ಮತ್ತೆ ಬಿಚ್ಚಬೇಕಲ್ಲ, ಅದಕ್ಕೆ ಜೋಡಿಸುವ ಮುಂಚೆ ಒಳಗಿನ ಗೂಟಗಳ ತುದಿಯನ್ನು ನಿಪ್ಪರಿನಿಂದ ಓರೆಯಾಗಿ ಚೂರು ಕತ್ತರಿಸಿ. ಹಿಡಿತ ಉಳಿಯುತ್ತದೆ, ಬಿಚ್ಚುವುದು ಸಲೀಸಾಗುತ್ತದೆ. ಬಿಚ್ಚಲು ಚಾಕು ತೂರಿಸಬೇಡಿ. ತೆಳ್ಳಗಿನ ಪ್ಲಾಸ್ಟಿಕ್ ಪಾರ್ಟ್ಸ್ ಓಪನರ್ ಸಿಗುತ್ತದೆ, ಅದು ಅಂಚನ್ನು ಕೆಡಿಸುವುದಿಲ್ಲ.

ಸೀಮ್ ಗೆರೆ ಅಳಿಸುವುದು

ತೋಳು, ತೊಡೆ, ಬಂದೂಕು ಇಂಥವು ಎರಡು ಅರ್ಧಗಳು ಕೂಡಿ ಆಗಿರುತ್ತವೆ. ನಡುವೆ ಒಂದು ಗೆರೆ ಉಳಿಯುತ್ತದೆ. ಹೊಸ ಕಿಟ್‌ಗಳಲ್ಲಿ ಈ ಗೆರೆಯನ್ನು ಎಷ್ಟೋ ಕಡೆ ವಿನ್ಯಾಸದ ಗೆರೆಯಂತೆಯೇ ಅಡಗಿಸಿರುತ್ತಾರೆ, ಅಂಥದ್ದನ್ನು ಮುಟ್ಟಬೇಡಿ. ಬಂದೂಕಿನ ಮೇಲ್ಭಾಗದಲ್ಲಿ ಉದ್ದಕ್ಕೂ ಓಡುವ ಗೆರೆ ಮಾತ್ರ ಅಳಿಸಿದರೆ ಎಷ್ಟು ಚಂದ!

ಇದಕ್ಕೆ ಪ್ಲಾಸ್ಟಿಕ್ ಸಿಮೆಂಟ್ ಬೇಕು. ಇದು ಮಾಮೂಲಿ ಅಂಟಿನ ಹಾಗೆ ನಡುವೆ ಕೂತು ಹಿಡಿಯುವುದಿಲ್ಲ. ಕಿಟ್ಟಿನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನನ್ನು ಕರಗಿಸಿ ಎರಡು ಭಾಗವನ್ನು ಒಂದೇ ತುಂಡಾಗಿಸುತ್ತದೆ. ತಮಿಯಾ ಕಂಪನಿಯ ಮಂದ ಸಿಮೆಂಟ್ ಈ ಕೆಲಸಕ್ಕೆ ಸರಿ. ಹಸಿರು ಮುಚ್ಚಳದ್ದು ನೀರಿನಷ್ಟು ತೆಳು, ಅದು ಮೊದಲೇ ಕೂಡಿಸಿಟ್ಟ ಸಂದಿಗೆ ಹರಿಸಲು. ಎರಡೂ ಅರ್ಧಗಳ ಅಂಚಿಗೆ ಧಾರಾಳವಾಗಿ ಸಿಮೆಂಟ್ ಹಚ್ಚಿ, ಕೆಲವು ಸೆಕೆಂಡ್ ಬಿಟ್ಟು ಇನ್ನೊಮ್ಮೆ ಹಚ್ಚಿ. ಅಂಚು ಮೆತ್ತಗಾದ ಮೇಲೆ ಒತ್ತಿ ಹಿಡಿಯಿರಿ. ಗೆರೆಯುದ್ದಕ್ಕೂ ಕರಗಿದ ಪ್ಲಾಸ್ಟಿಕ್ ಸಣ್ಣಗೆ ಉಕ್ಕಿ ಬರಬೇಕು. ಎಲ್ಲಿ ಉಕ್ಕಲಿಲ್ಲವೋ ಅಲ್ಲಿ ಗೆರೆ ಉಳಿಯುತ್ತದೆ. ಉಕ್ಕಿದ್ದನ್ನು ಒರೆಸಬೇಡಿ. ಕ್ಲಿಪ್ ಹಾಕಿ ಎರಡು ಮೂರು ದಿನವಾದರೂ ಬಿಡಿ, ವಾರ ಬಿಟ್ಟರೆ ಇನ್ನೂ ಒಳ್ಳೆಯದು. ಮೇಲೆ ಗಟ್ಟಿಯಾದಂತೆ ಕಂಡರೂ ಒಳಗೆ ಮೆತ್ತಗಿರುತ್ತದೆ. ಆತುರಪಟ್ಟು ಉಜ್ಜಿದರೆ ಆಮೇಲೆ ಅದು ಕುಗ್ಗಿ ಬಣ್ಣದ ಕೆಳಗೆ ಸಣ್ಣ ತಗ್ಗಾಗುತ್ತದೆ. ಪೂರ್ತಿ ಒಣಗಿದ ಮೇಲೆ 400ರಿಂದ ಉಜ್ಜುತ್ತ ಬನ್ನಿ.

ಸಿಮೆಂಟ್ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರೊಳಗೆ ಬೇರೆ ಬಣ್ಣದ ಭಾಗ ಸಿಕ್ಕಿಹಾಕಿಕೊಳ್ಳುತ್ತದೆಯಾ? ಹಾಗಿದ್ದರೆ ಆ ಒಳಭಾಗಕ್ಕೆ ಮೊದಲು ಬಣ್ಣ ಬಳಿದು, ಮೇಲಿನ ಬಣ್ಣ ತಾಗದಂತೆ ಟೇಪಿನಿಂದ ಮುಚ್ಚಿಡಬೇಕು, ಇದಕ್ಕೇ ಮಾಸ್ಕ್ ಮಾಡುವುದು ಎನ್ನುತ್ತಾರೆ.

ಬಣ್ಣವಿಲ್ಲದೆ ಮುಗಿಸುವ ದಾರಿ

ಮೊದಲ ಕಿಟ್‌ಗೆ ಪೂರ್ತಿ ಬಣ್ಣ ಬೇಡ. ಪ್ಯಾನೆಲ್ ಗೆರೆ, ಒಂದಿಷ್ಟು ಸ್ಟಿಕರ್, ಮ್ಯಾಟ್ ಕೋಟ್, ಇಷ್ಟು ಮಾಡಿದರೆ ಆಟಿಕೆಯಂತಿದ್ದದ್ದು ಯಂತ್ರದಂತೆ ಕಾಣುತ್ತದೆ. ತೀರಾ ಅನುಭವ ಇರುವವರೂ ಇಷ್ಟಕ್ಕೇ ನಿಲ್ಲಿಸುವುದುಂಟು.

ಮೇಲ್ಮೈಯಲ್ಲಿ ಕೊರೆದ ಸಣ್ಣ ಕಾಲುವೆಗಳೇ ಪ್ಯಾನೆಲ್ ಗೆರೆಗಳು. ಅವಕ್ಕೆ ಗುಂಡಮ್ ಮಾರ್ಕರ್‌ನಂಥ ಸಣ್ಣ ಮೊನೆಯ ಪೆನ್ನಿನಿಂದ ಬಣ್ಣ ತುಂಬಿ, ಹೊರಗೆ ಹರಡಿದ್ದನ್ನು ಬೆರಳಿನಿಂದಲೋ ರಬ್ಬರಿನಿಂದಲೋ ಒರೆಸಿ. ಬಿಳಿ ಭಾಗಕ್ಕೆ ಬೂದು, ಕೆಂಪು–ಹಳದಿಗೆ ಕಂದು, ಕಡು ಬಣ್ಣಗಳಿಗೆ ಕಪ್ಪು. ಬಿಳಿಯ ಮೇಲೆ ಕಪ್ಪು ಗೆರೆ ಎಳೆದರೆ ಚಿತ್ರಕ್ಕೆ ಔಟ್‌ಲೈನ್ ಹಾಕಿದ ಹಾಗೆ ಕಾಣುತ್ತದೆ, ಗಾತ್ರದ ಭ್ರಮೆ ಕೆಡುತ್ತದೆ. 18 ಮೀಟರ್ ಎತ್ತರದ ಯಂತ್ರದಲ್ಲಿ ಎರಡು ತಗಡಿನ ನಡುವಿನ ಸಂದು ಮೆಲ್ಲಗಿನ ನೆರಳಾಗಿ ಕಾಣಬೇಕು.

ಬಣ್ಣ ಬಳಿಯಲು ತಯಾರಿ

ಬಣ್ಣಗಳಲ್ಲಿ ಮುಖ್ಯವಾಗಿ ಮೂರು ಬಗೆ. ಲಾಕರ್ ಬೇಗ ಒಣಗುತ್ತದೆ, ಗಟ್ಟಿಯಾಗಿ ಕೂರುತ್ತದೆ, ಆದರೆ ಹೊಗೆ ಮತ್ತು ವಾಸನೆ ತೀವ್ರ. ಮಿಸ್ಟರ್ ಕಲರ್ ಈ ಗುಂಪಿನದು. ಅಕ್ರಿಲಿಕ್‌ಗಳ ವಾಸನೆ ಕಡಿಮೆ, ಕೈಬ್ರಷ್‌ಗೆ ಒಗ್ಗುತ್ತವೆ, ಗಟ್ಟಿತನ ತುಸು ಕಡಿಮೆ. ವಲ್ಲೆಹೊ ಮತ್ತು ತಮಿಯಾದ ಎಕ್ಸ್, ಎಕ್ಸ್‌ಎಫ್ ಸಾಲು ಇಲ್ಲಿವೆ. ಮೂರನೆಯದು ಎನಾಮೆಲ್, ನಿಧಾನಕ್ಕೆ ಒಣಗುತ್ತದೆ. ಸಣ್ಣ ವಿವರ ಮತ್ತು ಪ್ಯಾನೆಲ್ ಗೆರೆಗೆ ಹೇಳಿ ಮಾಡಿಸಿದ್ದು. ಲಾಕರ್ ಮೇಲೆ ಎನಾಮೆಲ್ ಹಚ್ಚಿ ಎನಾಮೆಲ್ ಥಿನ್ನರ್‌ನಿಂದ ಒರೆಸಿದರೆ ಕೆಳಗಿನ ಲಾಕರ್ ಅಲುಗುವುದಿಲ್ಲ. ಎನಾಮೆಲ್ ಮೇಲೆ ಲಾಕರ್ ಹೊಡೆದರೆ ಕೆಳಗಿನದು ಕರಗಿ ಏಳುತ್ತದೆ. ಈ ಕ್ರಮ ನೆನಪಿರಲಿ.

ಆರೋಗ್ಯದ ಮಾತು ಇಲ್ಲೇ ಹೇಳಿಬಿಡುತ್ತೇನೆ, ಇದರಲ್ಲಿ ರಾಜಿ ಇಲ್ಲ. ಲಾಕರ್ ಸ್ಪ್ರೇ ಮಾಡುವಾಗ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕೇ ಬೇಕು. ಧೂಳಿನ ಮಾಸ್ಕ್ ಕಣಗಳನ್ನು ತಡೆಯುತ್ತದೆ, ಥಿನ್ನರ್‌ನ ಆವಿಯನ್ನಲ್ಲ. ಹೊರಗೆ ಗಾಳಿ ದೂಡುವ ಸ್ಪ್ರೇ ಬೂತ್ ಇರಲಿ, ಇಲ್ಲವೇ ಬಯಲಿನಲ್ಲಿ ಮಾಡಿ. ಹತ್ತಿರ ಬೆಂಕಿ, ಕಿಡಿ ಯಾವುದೂ ಇರಬಾರದು. ನೈಟ್ರೈಲ್ ಕೈಗವಸು ಹಾಕಿ. ಮನೆಯಲ್ಲಿ ಮಕ್ಕಳು, ಸಾಕುಪ್ರಾಣಿ ಇದ್ದು ಗಾಳಿಯಾಡುವ ಜಾಗ ಇಲ್ಲದಿದ್ದರೆ ನೀರಿನ ಅಕ್ರಿಲಿಕ್ ಮತ್ತು ಕೈಬ್ರಷ್ ಸಾಕು. ಅದರಲ್ಲೂ ಅದ್ಭುತ ಕೆಲಸ ಮಾಡುವವರಿದ್ದಾರೆ.

ರೋಬೋವನ್ನು ಬಿಚ್ಚಿ, ಒಂದೇ ಬಣ್ಣದ ಭಾಗಗಳನ್ನು ಒಂದೊಂದು ಗುಂಪು ಮಾಡಿ. ಪ್ರತಿ ಭಾಗವನ್ನು ಒಳಗಿನ, ಕಾಣದ ಗೂಟಕ್ಕೆ ಕ್ಲಿಪ್ ಹಾಕಿ ಕಡ್ಡಿಗೆ ಸಿಕ್ಕಿಸಿ. ಕೀಲುಗಳಲ್ಲಿ ಒಂದಕ್ಕೊಂದು ಉಜ್ಜುವ ಮುಖಗಳಿಗೆ ಬಣ್ಣ ತಾಗದಂತೆ ಮಾಸ್ಕಿಂಗ್ ಟೇಪ್ ಹಾಕಿ, ಅಥವಾ ಆ ಮುಖಗಳನ್ನು ಮೊದಲೇ ಚೂರು ಉಜ್ಜಿ ಜಾಗ ಮಾಡಿ. ಬಣ್ಣದ ಪದರಕ್ಕೂ ದಪ್ಪ ಇದೆ. ಬಿಗಿಯಾದ ಕೀಲಿನಲ್ಲಿ ಅದು ಕೆರೆದು ಕಿತ್ತು ಬರುತ್ತದೆ.

ಪ್ರೈಮರ್

ಪ್ರೈಮರ್ ಮೂರು ಕೆಲಸ ಮಾಡುತ್ತದೆ. ಬಣ್ಣಕ್ಕೆ ಹಿಡಿತ ಕೊಡುತ್ತದೆ, ಸಣ್ಣ ಗೀರು ತುಂಬುತ್ತದೆ, ಉಳಿದ ತಪ್ಪುಗಳನ್ನು ತೋರಿಸಿಕೊಡುತ್ತದೆ. ನನಗೆ ಮೂರನೆಯದೇ ದೊಡ್ಡದು. ಇಡೀ ಭಾಗ ಒಂದೇ ಬೂದು ಬಣ್ಣಕ್ಕೆ ಬಂದಾಗ, ಲ್ಯಾಂಪಿನ ಓರೆ ಬೆಳಕಿಗೆ ಹಿಡಿದು ತಿರುಗಿಸಿ. ಅಳಿಸಿದೆ ಅಂದುಕೊಂಡಿದ್ದ ಸೀಮ್ ಗೆರೆ ಕೂದಲೆಳೆಯಂತೆ ಕಾಣುತ್ತದೆ. ಅಚ್ಚು ತಣ್ಣಗಾಗುವಾಗ ಕುಗ್ಗಿ ಆದ ತಗ್ಗುಗಳೂ ಕಾಣುತ್ತವೆ. ಅಲ್ಲಿಗೆ ನಿಲ್ಲಿಸಿ, ಉಜ್ಜಿ, ಮತ್ತೆ ಪ್ರೈಮರ್ ಹೊಡೆಯಿರಿ. ಬಣ್ಣ ಬಿದ್ದ ಮೇಲೆ ಸರಿಮಾಡುವುದಕ್ಕಿಂತ ಇದು ಎಷ್ಟೋ ಸುಲಭ.

ಪ್ರೈಮರ್ ಆಗಿ ಬಳಸುವ ಮಿಸ್ಟರ್ ಸರ್ಫೇಸರ್‌ನಲ್ಲಿ 500, 1000, 1500 ಮುಂತಾದ ನಂಬರ್‌ಗಳಿವೆ. 500 ದಪ್ಪ, ಗೀರು ತುಂಬಲು. ಸಾಮಾನ್ಯಕ್ಕೆ 1000, ತೀರಾ ನಯ ಬೇಕಿದ್ದರೆ 1500. ಮೇಲೆ ಬರುವ ಬಣ್ಣ ನೋಡಿ ಪ್ರೈಮರ್ ಬಣ್ಣ ಆರಿಸಿ. ಹಳದಿ, ಕೆಂಪು, ಬಿಳಿ ಇವಕ್ಕೆ ಕೆಳಗಿನದ್ದನ್ನು ಮುಚ್ಚುವ ಶಕ್ತಿ ಕಡಿಮೆ, ಬಿಳಿ ಅಥವಾ ತಿಳಿ ಗುಲಾಬಿ ತಳ ಹಾಕಿ. ಬೆಳ್ಳಿಯಂಥ ಲೋಹದ ಬಣ್ಣಗಳಿಗೆ ಹೊಳೆಯುವ ಕಪ್ಪು ತಳ ಆಳ ಕೊಡುತ್ತದೆ.

ಸ್ಪ್ರೇ ಡಬ್ಬಿ ಬಳಸುವುದಾದರೆ ಭಾಗದಿಂದ 20–30 ಸೆಂಟಿಮೀಟರ್ ದೂರ ಹಿಡಿಯಿರಿ. ಒತ್ತುವುದನ್ನು ಭಾಗದ ಹೊರಗೆ ಶುರುಮಾಡಿ, ದಾಟಿಸಿ, ಹೊರಗೇ ನಿಲ್ಲಿಸಿ. ಡಬ್ಬಿ ಉಗುಳುವ ಹನಿಗಳು ಆಗ ಭಾಗದ ಮೇಲೆ ಬೀಳುವುದಿಲ್ಲ. ಮೊದಲ ಪದರ ಅರ್ಧಂಬರ್ಧ ಮುಚ್ಚಿದರೆ ಸಾಕು. ಒಂದೇ ಸಲಕ್ಕೆ ಮುಚ್ಚಲು ಹೋದರೆ ಬಣ್ಣ ಇಳಿಯುತ್ತದೆ, ಪ್ಯಾನೆಲ್ ಗೆರೆಗಳು ತುಂಬಿಹೋಗುತ್ತವೆ.

ಏರ್‌ಬ್ರಷ್

ಈಗ ಮೊದಲ ಪ್ರಶ್ನೆಗೆ ಬರೋಣ. ಒಂದೇ ಕೊಳ್ಳುವುದಾದರೆ 0.3 ಮಿಲಿಮೀಟರ್ ನಾಝಲ್‌ನ, ಡಬಲ್ ಆ್ಯಕ್ಷನ್ ಏರ್‌ಬ್ರಷ್ ಕೊಳ್ಳಿ. ಟ್ರಿಗರ್ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಎರಡೂ ನಿಮ್ಮ ಕೈಯಲ್ಲಿ. ಕಂಪ್ರೆಸರ್‌ಗೆ ಟ್ಯಾಂಕ್ ಇದ್ದರೆ ಗಾಳಿ ಏರಿಳಿತವಿಲ್ಲದೆ ಬರುತ್ತದೆ. ನೀರು ಹಿಡಿಯುವ ಫಿಲ್ಟರ್ ಮತ್ತು ಒತ್ತಡ ಹೊಂದಿಸುವ ರೆಗ್ಯುಲೇಟರ್ ಇರಲೇಬೇಕು.

ಏರ್‌ಬ್ರಷ್‌ನ ಗುಟ್ಟೆಲ್ಲ ಬಣ್ಣದ ಹದದಲ್ಲಿದೆ. ಬಾಟಲಿಯ ಬಣ್ಣ ಹಾಗೇ ಹೋಗುವುದಿಲ್ಲ. ಲಾಕರ್ ಆದರೆ ಒಂದು ಪಾಲು ಬಣ್ಣಕ್ಕೆ ಒಂದರಿಂದ ಎರಡು ಪಾಲು ಅದೇ ಕಂಪನಿಯ ಥಿನ್ನರ್ ಬೆರೆಸಿ. ಅಳತೆಗಿಂತ ಕಣ್ಣಿನ ಅಂದಾಜು ಮುಖ್ಯ: ಬಟ್ಟಲಿನ ಬದಿಗೆ ಹಚ್ಚಿದಾಗ ಹಾಲಿನ ಹಾಗೆ ಇಳಿದು, ಹಿಂದೆ ತೆಳ್ಳನೆಯ ಪರೆ ಬಿಡಬೇಕು. ಪರೆ ಬಿಡದೆ ಜಾರಿದರೆ ತೆಳುವಾಯಿತು, ಭಾಗದ ಮೇಲೆ ಜೇಡನ ಕಾಲಿನಂತೆ ಚದುರುತ್ತದೆ. ಇಳಿಯದೆ ನಿಂತರೆ ಮಂದವಾಯಿತು, ಮೇಲ್ಮೈ ಮರಳು ಮರಳಾಗುತ್ತದೆ. ಒತ್ತಡ 15ರಿಂದ 20 ಪಿಎಸ್‌ಐ, ದೂರ 5ರಿಂದ 10 ಸೆಂಟಿಮೀಟರ್. ಬಣ್ಣ ಭಾಗದ ಮೇಲೆ ಕೂತ ಕ್ಷಣ ಒದ್ದೆಯಾಗಿ ಮಿನುಗಿ, ಮರುಕ್ಷಣ ಮಂಕಾಗಬೇಕು. ಮಿನುಗದೆ ಒಣಗಿಯೇ ಬೀಳುತ್ತಿದ್ದರೆ ತುಸು ಹತ್ತಿರ ಬನ್ನಿ. ಮೊದಲು ರನ್ನರ್ ತುಂಡುಗಳ ಮೇಲೆ ಅಭ್ಯಾಸ ಮಾಡಿ, ಅವು ಹೇಗೂ ಎಸೆಯುವಂಥವೇ.

ಬಣ್ಣ ಬದಲಿಸುವಾಗಲೆಲ್ಲ ಥಿನ್ನರ್ ಹಾಕಿ ತೊಳೆಯಿರಿ. ಮುಗಿದ ಮೇಲೆ ಸೂಜಿ ಎಳೆದು ಒರೆಸಿ. ಏರ್‌ಬ್ರಷ್ ಕೈಕೊಟ್ಟಾಗ ಹೆಚ್ಚಿನ ಸಲ ಕಾರಣ ನಾಝಲ್‌ನಲ್ಲಿ ಒಣಗಿದ ಬಣ್ಣ.

ಕೈಬ್ರಷ್‌ನವರಿಗೆ ಎರಡೇ ಮಾತು. ಬಣ್ಣ ತೆಳು ಮಾಡಿಕೊಂಡು ಎರಡು ಮೂರು ಪದರ ಬಳಿಯಿರಿ, ನಡುವೆ ಪೂರ್ತಿ ಒಣಗಲು ಬಿಡಿ. ಅರೆ ಒಣಗಿದ ಜಾಗಕ್ಕೆ ಬ್ರಷ್ ವಾಪಸ್ ಒಯ್ಯಬೇಡಿ.

ಒಂದೇ ಭಾಗಕ್ಕೆ ಎರಡು ಬಣ್ಣ ಬೇಕಿದ್ದರೆ ತಿಳಿ ಬಣ್ಣ ಮೊದಲು. ಅದು ಒಣಗಿದ ಮೇಲೆ ಮಾಸ್ಕಿಂಗ್ ಟೇಪ್ ಹಾಕಿ, ಅಂಚನ್ನು ಹಲ್ಲುಕಡ್ಡಿಯಿಂದ ಒತ್ತಿ ಕೂರಿಸಿ. ಟೇಪ್ ತೆಗೆಯುವಾಗ ಮೇಲಕ್ಕೆ ಎಳೆಯದೆ ಹಿಂದಕ್ಕೆ ಮಡಚಿ ನಿಧಾನ ಎಳೆಯಿರಿ.

ಹೊಳಪು, ಗೆರೆ, ಡೆಕಾಲ್, ಮ್ಯಾಟ್

ಇದೇ ಕ್ರಮದಲ್ಲಿ ಹೋಗಿ. ಬಣ್ಣ ಒಣಗಿದ ಮೇಲೆ ಹೊಳಪಿನ ಕ್ಲಿಯರ್ ಕೋಟ್ ಒಂದು ಪದರ. ನುಣುಪು ಮೇಲ್ಮೈಯಲ್ಲಿ ಪ್ಯಾನೆಲ್ ಬಣ್ಣ ಗೆರೆಯೊಳಗೆ ತಾನಾಗೇ ಓಡುತ್ತದೆ. ತಮಿಯಾದ ಪ್ಯಾನೆಲ್ ಲೈನ್ ಬಾಟಲಿಯ ಮುಚ್ಚಳದಲ್ಲೇ ಸಣ್ಣ ಬ್ರಷ್ ಇದೆ. ಅದರ ತುದಿಯನ್ನು ಗೆರೆಗೆ ಮುಟ್ಟಿಸಿದರೆ ಸಾಕು, ಕಡು ಬಣ್ಣ ಆ ಕಾಲುವೆ ಹಿಡಿದು ಮೂಲೆ ತಿರುಗಿ ಓಡುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ. ಒಣಗಿದ ಮೇಲೆ ಎನಾಮೆಲ್ ಥಿನ್ನರ್ ಚೂರೇ ತಾಗಿಸಿದ ಹತ್ತಿಕಡ್ಡಿಯಿಂದ ಹೊರಗಿನದ್ದನ್ನು ಒರೆಸಿ.

ಎಚ್ಚರಿಕೆ ಒಂದಿದೆ. ಎನಾಮೆಲ್ ಥಿನ್ನರ್ ಬರೀ ಪ್ಲಾಸ್ಟಿಕ್ಕಿನ ಬಿಗಿಯಾದ ಸಂದಿಗೆ ಇಳಿದರೆ ಭಾಗ ಬಿರುಕು ಬಿಡುತ್ತದೆ, ಎಬಿಎಸ್ ಎಂಬ ಬಗೆಯ ಪ್ಲಾಸ್ಟಿಕ್ಕಿನ ಭಾಗಗಳಂತೂ ಬೇಗ. ಹಾಗಾಗಿ ಜೋಡಿಸಿದ ರೋಬೋದ ಮೇಲೆ, ಕೀಲುಗಳ ಹತ್ತಿರ ಇದನ್ನು ಸುರಿಯಬೇಡಿ. ಬಿಡಿ ಭಾಗಗಳ ಮೇಲೆ, ಕ್ಲಿಯರ್ ಕೋಟ್ ಆದ ಮೇಲೆ ಮಾತ್ರ ಬಳಸಿ.

ಡೆಕಾಲ್‌ಗೂ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಸ್ಟಿಕರ್) ಹೊಳಪಿನ ಮೇಲ್ಮೈಯೇ ಬೇಕು. ಮ್ಯಾಟ್ ಮೇಲ್ಮೈ ಸೂಕ್ಷ್ಮವಾಗಿ ಒರಟು, ಡೆಕಾಲಿನ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿಯಂತೆ ಹೊಳೆಯುತ್ತದೆ. ನೀರಿನ ಡೆಕಾಲನ್ನು ಕತ್ತರಿಸಿ, ಹತ್ತಿಪ್ಪತ್ತು ಸೆಕೆಂಡ್ ನೀರಿನಲ್ಲಿ ಅದ್ದಿ, ತೆಗೆದಿಡಿ. ಕಾಗದದ ಮೇಲೆ ಅದು ತಾನಾಗಿ ಜಾರುವಂತಾದಾಗ ಭಾಗದ ಮೇಲೆ ಸರಿಸಿ. ಜಾಗದಲ್ಲಿ ಮೊದಲೇ ಮಾರ್ಕ್ ಸೆಟ್ಟರ್ ಎಂಬ ಡೆಕಾಲ್ ದ್ರವ ಒಂದು ಹನಿ ಹಚ್ಚಿದ್ದರೆ ಹಿಡಿತ ಚೆನ್ನಾಗಿರುತ್ತದೆ. ಒದ್ದೆ ಹತ್ತಿಕಡ್ಡಿಯನ್ನು ನಡುವಿನಿಂದ ಅಂಚಿಗೆ ಉರುಳಿಸಿ ನೀರು ಹೊರಹಾಕಿ. ಬಾಗಿದ ಜಾಗದಲ್ಲಿ ಡೆಕಾಲನ್ನು ಮೆತ್ತಗಾಗಿಸುವ ಮಾರ್ಕ್ ಸಾಫ್ಟರ್ ಹಚ್ಚಿ. ಹಚ್ಚಿದ ಮೇಲೆ ಡೆಕಾಲ್ ಸುಕ್ಕಾಗುತ್ತದೆ, ಗಾಬರಿಯಾಗಿ ಮುಟ್ಟಬೇಡಿ. ಒಣಗುತ್ತ ತಾನೇ ಮೈಗೆ ಅಂಟಿಕೊಳ್ಳುತ್ತದೆ. ಹಾಳೆಯಲ್ಲಿರುವ ಎಲ್ಲ ಡೆಕಾಲ್ ಅಂಟಿಸಲೇಬೇಕೆಂದಿಲ್ಲ. ಖಾಲಿ ಜಾಗವೂ ಕಣ್ಣಿಗೆ ಬೇಕು.

ಒಂದು ದಿನ ಒಣಗಲು ಬಿಟ್ಟು ಮ್ಯಾಟ್ ಕೋಟ್ ಹೊಡೆಯಿರಿ. ಮಳೆ ಬರುವ ದಿನ, ಗಾಳಿಯಲ್ಲಿ ತೇವ 70 ಶೇಕಡಾಕ್ಕಿಂತ ಜಾಸ್ತಿ ಇರುವ ದಿನ ಈ ಕೆಲಸ ಮುಂದೂಡಿ. ತೇವ ಸಿಕ್ಕಿಕೊಂಡರೆ ಕೋಟ್ ಬೂದಿ ಬಿದ್ದಂತೆ ಬೆಳ್ಳಗಾಗುತ್ತದೆ. ಹಾಗಾದರೆ ಒಣಹವೆಯ ದಿನ ನೋಡಿ ಹೊಳಪಿನ ಕ್ಲಿಯರ್ ತೆಳ್ಳಗೆ ಹೊಡೆಯಿರಿ. ಹೆಚ್ಚಿನ ಸಲ ಬಿಳುಪು ಕರಗುತ್ತದೆ, ಆಮೇಲೆ ಮತ್ತೆ ಮ್ಯಾಟ್ ಹಾಕಬಹುದು. ಪಾರದರ್ಶಕ ಭಾಗಗಳನ್ನು ತೆಗೆದಿಟ್ಟೇ ಕೋಟ್ ಹೊಡೆಯಬೇಕು, ಮ್ಯಾಟ್ ಬಿದ್ದರೆ ರೋಬೋದ ಕಣ್ಣಿನ ಮಿಂಚು ಸತ್ತುಹೋಗುತ್ತದೆ. ಲೋಹದ ಬಣ್ಣದ ಭಾಗಗಳಿಗೂ ಮ್ಯಾಟ್ ಬೇಡ.

ಕೊನೆಯ ಜೋಡಣೆ

ಕೋಟ್ ಮುಟ್ಟಿ ನೋಡಿದರೆ ಒಣಗಿದಂತಿದ್ದರೂ ಇನ್ನೊಂದೆರಡು ದಿನ ಕಾಯಿರಿ. ಮೆತ್ತಗಿರುವಾಗ ಜೋಡಿಸಿದರೆ ಬೆರಳಿನ ಗುರುತು ಅಚ್ಚಾಗಿ ಉಳಿಯುತ್ತದೆ. ಶುದ್ಧ ಹತ್ತಿಯ ಅಥವಾ ನೈಟ್ರೈಲ್ ಕೈಗವಸು ಹಾಕಿಕೊಂಡು, ಗೂಟಗಳನ್ನು ನೇರವಾಗಿ ಒತ್ತಿ. ಬಿಗಿ ಅನ್ನಿಸಿದರೆ ಗೂಟದ ಮೇಲೆ ಬಿದ್ದ ಬಣ್ಣ ಕೆರೆದು ತೆಗೆಯಿರಿ. ಭಂಗಿ ಕೊಡುವಾಗ ತಗಡುಗಳನ್ನು ಹಿಡಿಯದೆ ಕೀಲಿನ ಹತ್ತಿರ ಹಿಡಿದು ತಿರುಗಿಸಿ. ಹತ್ತಾರು ಸಲ ಭಂಗಿ ಬದಲಿಸುವ ಆಸೆ ಇದ್ದರೆ ಬಣ್ಣವಿಲ್ಲದ ಕಿಟ್ ಒಂದನ್ನು ಅದಕ್ಕೇ ಮೀಸಲಿಡಿ.

ನೇರ ಬಿಸಿಲು ಬೀಳುವ ಜಾಗದಲ್ಲಿ ಇಡಬೇಡಿ. ಬಿಳಿ ಪ್ಲಾಸ್ಟಿಕ್ ಹಳದಿಗೆ ತಿರುಗುತ್ತದೆ, ಡೆಕಾಲ್ ಮಾಸುತ್ತದೆ. ಧೂಳಿಗೆ ಮೇಕಪ್‌ನ ಮೆತ್ತನೆಯ ಬ್ರಷ್ ಚೆನ್ನಾಗಿ ಕೆಲಸ ಮಾಡುತ್ತದೆ. ಮೇಲಿನಿಂದ ಕೆಳಕ್ಕೆ, ಆಂಟೆನಾ ಬಿಟ್ಟು.